ಲುಜೈನಳಿಗೆ ಬಡಿಸುವ ವಿಚಾರ

ಕರಕ್, ಜೋರ್ಡಾನ್
ಭಾನುವಾರ

ಅಕ್ಕಾ,

ನಾನಿಲ್ಲಿ ಕ್ಷೇಮ, ನಿನ್ನ ಸೌಟು ದೂರ, ಹಾಗಾಗಿ ಹೊಟ್ಟೆಯೂ ಹಗುರ. ಮನೆ ಮಾಲೀಕರ ಮೊಮ್ಮಗಳು ಲುಜೈನ್ ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಫಿಸಿಯೋಥೆರಪಿ ಇಂಟರ್ನ್‌ಶಿಪ್‌ಗೆ ಬಂದು ನಿನ್ನ ಮನೆಯಲ್ಲಿರುತ್ತಾಳೆ ಅಂದಿದ್ದೆನಲ್ಲ, ಅದೀಗ ನಿನ್ನ ಕೈಯಲ್ಲಿದೆ.

ನಿನ್ನೆ ಅವಳಿಗೆ ನಮ್ಮ ಊಟದ ತಾಲೀಮು. ನಾನೇ ನೀನಾಗಿ ಸೌಟು ಹಿಡಿದು ನಿಂತೆ. ಇಲ್ಲಿ ಕಾಫಿ ಸಾಕಾದರೆ ಬಟ್ಟಲು ಅಲ್ಲಾಡಿಸುತ್ತಾರೆ, ಆಮೇಲೆ ಯಾರೂ ಸುರಿಯುವುದಿಲ್ಲ. ಹುಡುಗಿ ಸಾರಿನ ಬಟ್ಟಲನ್ನು ಮೂರು ಸಲ ಅಲ್ಲಾಡಿಸಿದಳು. ನಾನು ಮೂರು ಸಲವೂ ಸುರಿದೆ.

ಅವಳಜ್ಜ ಹಾಜಿ ಗಾಲಿಬ್ ನೋಡುತ್ತಿದ್ದರು. "ಏನಯ್ಯಾ ಟೈಲರ್, ನಿಮ್ಮಕ್ಕನ ಮನೇಲಿ ಯಾರಿಗೂ ಕಣ್ಣಿಲ್ವಾ?"

"ಎಲ್ಲರಿಗೂ ಇದೆ ಹಾಜಿ, ಸೌಟಿಗೆ ಮಾತ್ರ ಇಲ್ಲ."

"ಹಾಗಾದ್ರೆ ಇವಳು ಹೋಗೋದು ಬೇಡ. ವಾಪಸ್ ಬಂದಾಗ ನಮ್ಮನೆ ಬಾಗಿಲಲ್ಲಿ ಹಿಡಿಸಬೇಕಲ್ಲ."

"ಬಾಗಿಲು ಆಮೇಲೆ ಒಡೆಸೋಣ ಅಜ್ಜಾ, ಮೊದಲು ಟಿಕೆಟ್ ತೆಗೆಸು" ಅಂದಳು ಲುಜೈನ್.

ಹಾಜಿ ಕರಗಲಿಲ್ಲ. 'ಸಾಕು ಅಂದಾಗ ನಿಲ್ಲಿಸುತ್ತೇನೆ' ಎಂದು ನೀನು ಬರೆದು ಕಳಿಸಿದರಷ್ಟೇ ಟಿಕೆಟ್. ಫೋನಿನಲ್ಲಿ ಹೇಳಿದ್ದನ್ನು ನಂಬರಂತೆ. ನಿನಗೆ ಕಷ್ಟವೇ, ಆದರೂ ಬೇಗ ಬರಿ.

ನನ್ನ ಮಂಡಿನೋವು ಅವಳು ಕಲಿಸಿದ ವ್ಯಾಯಾಮದಿಂದ ಇಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಬರೆದ ಮಾತನ್ನು ನೀನೆಷ್ಟು ಉಳಿಸಿಕೊಳ್ಳುತ್ತೀಯೆಂದು ಹುಡುಗಿಗೆ ಗೊತ್ತು: ನನ್ನ ಹತ್ತಿರ ಹೊಲಿಸಿದ ನಾಲ್ಕೂ ಕುರ್ತಾಗಳಲ್ಲಿ, ಅಜ್ಜನಿಗೆ ತಿಳಿಯದ ಹಾಗೆ, ಎರಡೆರಡು ಇಂಚು ಹೆಚ್ಚುವರಿ ಬಟ್ಟೆ ಹೊಲಿಗೆಯೊಳಗೆ ಬಿಡಿಸಿಕೊಂಡಿದ್ದಾಳೆ.

ನಿನ್ನ ತಮ್ಮ,
ವಾಮದೇವ