ತಂತಿಯಲ್ಲಿ ಬಂದ ಒಂದು ಪದ

ಹಯಾಮಾ ಅವರೇ,

ಪತ್ರ ಬರೆಯುವವರು ಮೊದಲು ಹವೆ ಹೇಗಿದೆ, ಹೂವು ಅರಳಿತೇ, ಮೈಯಲ್ಲಿ ಆರಾಮವೇ ಎಂದು ಕೇಳಬೇಕಂತೆ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು, ಆ ಪಾಠದವರೆಗೆ ಹೋಗಲಿಲ್ಲ. ನಿಮ್ಮ ಟೋಕಿಯೊದ ಹವೆ ಹೇಗಾದರೂ ಇರಲಿ. ಈ ಜೂನ್‌ನಲ್ಲಿ ನಮ್ಮ ಅಮಾಗಸಾಕಿ ಕಾರ್ಖಾನೆ ಮತ್ತೆ ತೆರೆದ ದಿನ, ಅಷ್ಟು ಜನರ ಮುಂದೆ ಆ ಮಾತು ಆಡಲು ನಿಮ್ಮ ನಾಲಿಗೆ ಹೇಗೆ ಹೊರಳಿತು? ಅದನ್ನು ಕೇಳಲು ಬರೆಯುತ್ತಿದ್ದೇನೆ.

"ಒಬ್ಬ ಮೇಸ್ತ್ರಿಯ ತಪ್ಪು ತಿಳಿವಳಿಕೆಯಿಂದ ಈ ಕಾರ್ಖಾನೆ ಐದು ವರ್ಷ ಬಾಗಿಲು ಮುಚ್ಚಬೇಕಾಯಿತು" ಎಂದಿರಿ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರೂ ತಿರುಗಿ ನನ್ನ ಹೆಂಡತಿ ಸೆಕಿಯ ಮುಖ ನೋಡಿದರು. ಆ ಮೇಸ್ತ್ರಿ ಇವಾಕಿಚಿ ಅವಳ ಒಡಹುಟ್ಟಿದ ಅಣ್ಣನಲ್ಲವೇ? ಅವಳು ಅತಿಥಿಗಳಿಗೆಂದು ಅನ್ನದ ಉಂಡೆಗಳ ತಟ್ಟೆ ಹಿಡಿದುಕೊಂಡಿದ್ದಳು. ಅದನ್ನು ಅಲ್ಲೇ ಬೆಂಚಿನ ಮೇಲಿಟ್ಟು, ಕಾಲುವೆಯ ದಾರಿ ಹಿಡಿದು ಮನೆಗೆ ಹೋದಳು. ಆ ಉಂಡೆಗಳಲ್ಲಿ ಎರಡನ್ನು ನೀವು ತಿಂದಿರಿ. ನಾನು ನೋಡಿದೆ.

ಅವಳ ಕೈಯ ಅನ್ನ ನಿಮಗೆ ಹೊಸದಲ್ಲ. ಯುದ್ಧ ಶುರುವಾದ ಮರುವರ್ಷ, ಕಾಲೇಜು ಮುಗಿಸಿ ಎಂಜಿನಿಯರಾಗಿ ಬಂದ ನಿಮಗೆ ಊರಿನಲ್ಲಿ ಕೋಣೆ ಸಿಗಲಿಲ್ಲ. ಎರಡು ವರ್ಷ ನಮ್ಮ ಮನೆಯ ಅಟ್ಟದಲ್ಲಿದ್ದಿರಿ. ಆಗ ನಾನು ನಿಮ್ಮನ್ನು ಕುನಿ ಎಂದೇ ಕರೆಯುತ್ತಿದ್ದೆ. ಮೊದಲನೇ ದಿನ ಊಟ ಮುಗಿಯಿತು. ಸೆಕಿ ಬಟ್ಟಲುಗಳನ್ನು ತೊಳೆದು ನಿಮ್ಮ ಮುಂದಿಟ್ಟು "ಇವನ್ನ ನಾವೊಸು ಮಾಡಪ್ಪ" ಎಂದಳು. ನೀವು ಬಟ್ಟಲನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಿರಿ.

"ಎಲ್ಲಿ ಒಡೆದಿದೆ ಅಕ್ಕ? ಕಾಣ್ತಾ ಇಲ್ಲವಲ್ಲ."

ಅವತ್ತು ಊಟಕ್ಕೆ ಬಂದಿದ್ದ ಇವಾಕಿಚಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ ಟೋಕಿಯೊ, ನಿಮ್ಮೂರಲ್ಲಿ ನಾವೊಸು ಅಂದ್ರೆ ರಿಪೇರಿ. ನಮ್ಮೂರಲ್ಲಿ ನಾವೊಸು ಅಂದ್ರೆ ಎತ್ತಿಡೋದು ಕಣೋ! ಬಟ್ಟಲು ಕಪಾಟಿಗೆ ಹೋಗ್ಲಿ, ಆಸ್ಪತ್ರೆಗಲ್ಲ!" ಆಮೇಲೆ ಎರಡು ವರ್ಷ ಅವನು ನಿಮ್ಮನ್ನು ಬಟ್ಟಲು ಡಾಕ್ಟರ್ ಎಂದೇ ಕರೆದ. ನೀವೂ ನಗುತ್ತಿದ್ದಿರಿ. ಟೋಕಿಯೊದ ಮುಖ್ಯ ಕಚೇರಿಗೆ ವರ್ಗವಾಗಿ ಹೋಗುವಾಗ ರೈಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಕ್ಕ, ನನ್ನ ಬಟ್ಟಲು ನಾವೊಸು ಮಾಡಿಡಿ" ಎಂದವರು ನೀವೇ.

ಯುದ್ಧ ಸೋತೆವು. ಅಮೆರಿಕದವರು ಬಂದು ಲೇತುಗಳಿಗೆಲ್ಲ ಬಿಳಿ ಚೀಟಿ ಕಟ್ಟಿದರು. ಇವು ಇನ್ನು ನಿಮ್ಮವಲ್ಲ, ನೀವು ಹಾಳು ಮಾಡಿದ ದೇಶಗಳಿಗೆ ಪರಿಹಾರವಾಗಿ ಹೋಗುತ್ತವೆ ಎಂದರು. ಹಾಳು ಮಾಡಿದ್ದು ಸುಳ್ಳಲ್ಲ. ಅದಕ್ಕೆ ನಾನು ವಾದ ಹೂಡುವುದಿಲ್ಲ. ಆದರೆ ಓಡಿಸಬಾರದು, ಕದಲಿಸಬಾರದು, ತುಕ್ಕೂ ಹಿಡಿಯಬಾರದು ಎಂದರೆ ಅದೆಂಥ ಕೆಲಸ? ಹೆಣಕ್ಕೆ ದಿನಾ ಎಣ್ಣೆ ಸ್ನಾನ ಮಾಡಿಸಿದ ಹಾಗೆ. ಮೂವತ್ತು ವರ್ಷ ಕಬ್ಬಿಣ ಕಡೆದ ಕೈ ಬರೀ ಗ್ರೀಸ್ ಬಳಿಯುತ್ತ ಕೂತಿತು. ಚೀಟಿ ಇಲ್ಲದ ಹಳೆಯ ಯಂತ್ರಗಳಲ್ಲಿ ಕೆಟಲು, ಬಾಣಲೆ ಮಾಡಿಕೊಳ್ಳುತ್ತೇವೆ ಎಂದು ಅರ್ಜಿ ಹಾಕಿದೆವು. ಅದಕ್ಕೂ ಅವರ ಪರವಾನಗಿ ಬೇಕು. ನೂರಮೂವತ್ತು ಮನೆಗಳು ಗೆಣಸು ಬೇಯಿಸಿ ತಿನ್ನುತ್ತ ಆ ಒಂದು ಕಾಗದಕ್ಕೆ ಕಾಯುತ್ತಿದ್ದವು. ತಪಾಸಣೆ ಸರಿಹೋದರೆ ಮರುದಿನವೇ ಸಹಿ ಎಂದಿದ್ದರು.

ಆಗ ನಿಮ್ಮ ತಂತಿ ಬಂತು. 'ತಪಾಸಣೆಗೆ ಮುಂಚೆ ಏಳನೇ ಲೇತ್ ನಾವೊಸು ಮಾಡಿ. ಹಯಾಮಾ.'

ಏಳನೇ ಲೇತಿನ ಗೇರಿನ ಹಲ್ಲು ಯುದ್ಧದಲ್ಲಿ ಬಾಂಬ್ ಬಿದ್ದ ದಿನ ಮುರಿದದ್ದು ನಿಜ. ಅದರ ರಿಪೇರಿಗೆ ನಿಮ್ಮ ಕಚೇರಿ ಒಪ್ಪಿಗೆ ಪಡೆದದ್ದೂ ನಿಜವಿರಬಹುದು. ನಮಗೆ ಯಾರು ಹೇಳಿದರು? ಆ ಲೇತಿನ ನೆತ್ತಿಯ ಮೇಲೆ ಚಾವಣಿಯಲ್ಲಿ ತೂತಿತ್ತು, ಮಳೆಗಾಲ ಹತ್ತಿರ ಬಂದಿತ್ತು. ಮಳೆಗೆ ನೆನೆಯದ ಹಾಗೆ ಎತ್ತಿಡಲು ಟೋಕಿಯೊ ಅಪ್ಪಣೆ ತಂದುಕೊಟ್ಟಿದೆ ಎಂದುಕೊಂಡೆವು. ಮೂರು ಹಗಲು ಹದಿನಾಲ್ಕು ಜನ ಉರುಳೆ ಕೊಟ್ಟು ಎಳೆದು, ಹಿಂದಿನ ಉಗ್ರಾಣಕ್ಕೆ ಸೇರಿಸಿ, ಗ್ರೀಸ್ ಬಳಿದು, ಹುಲ್ಲುಚಾಪೆ ಹೊದಿಸಿದೆವು. ಮಗುವನ್ನು ಮಲಗಿಸಿದ ಹಾಗೆ.

ತಪಾಸಣೆಗೆ ಬಂದ ಕ್ಯಾಪ್ಟನ್ ಪಟ್ಟಿ ಹಿಡಿದು ನಿಂತ. ಆರರ ನಂತರ ಎಂಟು. ಏಳು ಎಲ್ಲಿ? ಉಗ್ರಾಣದಲ್ಲಿ ಚಾಪೆ ಎತ್ತಿದಾಗ ಅವನ ಮುಖ ಕೆಂಪಾಯಿತು. ಜೊತೆಗೆ ಬಂದಿದ್ದ ದುಭಾಷಿ ಟೋಕಿಯೊದವನು.

"ಯಾಕೆ ಬಚ್ಚಿಟ್ಟಿರಿ?"

"ಬಚ್ಚಿಟ್ಟಿಲ್ಲ ಸ್ವಾಮಿ, ನಾವೊಸು ಮಾಡಿದ್ವಿ" ಎಂದ ಇವಾಕಿಚಿ, ತಂತಿ ತೋರಿಸುತ್ತ.

"ರಿಪೇರಿ ಮಾಡಿದಿರಾ? ಹಲ್ಲು ಮುರಿದೇ ಇದೆಯಲ್ಲ?"

"ಹಲ್ಲು ಹಾಗೇ ಇದೆ. ಆದ್ರೆ ಚೆನ್ನಾಗಿ ನಾವೊಸು ಮಾಡಿದೀವಿ!"

ದುಭಾಷಿ ಅದನ್ನು ಹೇಗೆ ಹೇಳಿದನೋ, ಕ್ಯಾಪ್ಟನ್‌ಗೆ ಇವನು ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎನಿಸಿತು. ಕೆಟಲಿನ ಅರ್ಜಿ ಅಲ್ಲೇ ಸತ್ತಿತು, ಕಾರ್ಖಾನೆಗೆ ಬೀಗ ಬಿತ್ತು. ಇವಾಕಿಚಿಯನ್ನು ಜೀಪಿಗೆ ಹತ್ತಿಸಿದರು.

ಕೋಬೆಯಲ್ಲಿ ವಿಚಾರಣೆಗೆ ನಿಮ್ಮನ್ನು ಕರೆಸಿದರು. ನೀವು ಒಳಗೆ ಬಂದಾಗ ಇವಾಕಿಚಿ ನನ್ನ ತೊಡೆ ತಟ್ಟಿದ. "ಬಂದ ನೋಡೋ ತಮೆ, ಬಟ್ಟಲು ಡಾಕ್ಟರ್. ಇನ್ನೇನು, ಸಂಜೆ ಊಟಕ್ಕೆ ಮನೇಲಿರ್ತೀವಿ." ತಂತಿಯಲ್ಲಿ ನಿಮ್ಮ ಅರ್ಥ ಏನಿತ್ತು ಎಂದು ಕೇಳಿದರು. ರಿಪೇರಿ ಎಂದಿರಿ. ಸರಿ. ಆ ಪದಕ್ಕೆ ಬೇರೆ ಅರ್ಥ ಉಂಟೇ ಎಂದು ಕೇಳಿದರು. ನೀವು ಮಡಿಲಲ್ಲಿದ್ದ ಟೋಪಿಯ ಅಂಚನ್ನು ಸವರುತ್ತ ಹೇಳಿದಿರಿ:

"ನನಗೆ ತಿಳಿದ ಮಟ್ಟಿಗೆ ಇಲ್ಲ."

ನಾನು ಎದ್ದು ಕೂಗಿದೆ. ಪೊಲೀಸರು ಹೊರಗೆ ತಳ್ಳಿದರು. ಇವಾಕಿಚಿಗೆ ಎಂಟು ತಿಂಗಳು.

ನಿಮ್ಮ ಹೆದರಿಕೆ ನನಗೆ ತಿಳಿಯದ್ದಲ್ಲ. ಆ ವರ್ಷ ಅಮೆರಿಕದವರು ಮುಖ್ಯ ಕಚೇರಿಯಲ್ಲಿ ದೊಡ್ಡ ತಲೆಗಳನ್ನೆಲ್ಲ ಪಟ್ಟಿ ಓದಿ ಹೊರಗೆ ಹಾಕುತ್ತಿದ್ದರು. ತಂತಿಯ ಅಡಿಯಲ್ಲಿ ನಿಮ್ಮ ಹೆಸರಿತ್ತು. ಹೆದರಿದಿರಿ, ಸರಿ. ಆದರೆ ಇವಾಕಿಚಿಯ ಬಿಡುಗಡೆಯಾದ ಮೇಲೆ? ಅವನು ಅಂಗಡಿಗೆ ಹೋದರೆ ಹೆಂಗಸರು "ಕದ್ದು ಮಾರೋಕೆ ಬಚ್ಚಿಟ್ಟಿದ್ದನಂತೆ" ಎಂದು ಕೇಳುವ ಹಾಗೆ ಆಡಿಕೊಂಡರು. ಕೆಲಸ ಕಳೆದುಕೊಂಡವರು ಅವನ ಬಾಗಿಲಿಗೆ ಸಗಣಿ ಎಸೆದರು. ಅವನು ತೊಳೆದ, ಮರುದಿನ ಮತ್ತೆ ತೊಳೆದ. ಎರಡು ವರ್ಷ ಕೆಮ್ಮಿ ಕೆಮ್ಮಿ ಸತ್ತ. ಹಾಸಿಗೆಯಲ್ಲೂ ನಿಮ್ಮನ್ನು ಬಯ್ಯಲು ನನಗೆ ಬಿಡಲಿಲ್ಲ. "ಬಿಡೋ ತಮೆ. ಅವನು ಟೋಕಿಯೊದವನು. ನಮ್ಮೂರ ಮಾತು ಮರೆತುಹೋಗಿರ್ಬೇಕು."

ಇನ್ನೊಂದು ಹೇಳುತ್ತೇನೆ, ಸೆಕಿಗೂ ಹೇಳಿಲ್ಲ. ತಂತಿ ಬಂದ ದಿನ ಇವಾಕಿಚಿ ಅನುಮಾನಿಸಿದ್ದ. "ಕುನಿ ಟೋಕಿಯೊ ಹುಡುಗ ಅಲ್ವೇನೋ, ಒಂದ್ಸಲ ಫೋನ್ ಮಾಡಿ ಕೇಳೋಣವಾ?" ಎಂದ. ನಾನೇ ಸಿಡುಕಿದೆ. "ಕೇಳೋದೇನಿದೆ? ಅಂಚೆ ಕಚೇರೀಲಿ ಅರ್ಧ ದಿನ ಸಾಲು ನಿಲ್ಲಬೇಕು. ಎರಡು ವರ್ಷ ನಮ್ಮನೆ ಗಂಜಿ ಕುಡಿದವನಿಗೆ ನಮ್ಮ ಮಾತು ಬರಲ್ವಾ?" ನನ್ನ ಈ ಹಾಳು ಸಿಟ್ಟು ಹದಿನಾಲ್ಕು ಜನರ ಕೈಗೆ ಹಗ್ಗ ಕೊಟ್ಟಿತು. ಅದು ನನ್ನ ಪಾಲು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವನು ಹೇಳಿದ ಹಾಗೆ ಮರೆತಿದ್ದೀರಿ ಎಂದು ನಂಬಲು ನೋಡಿದೆ. ಜೂನ್‌ನ ಭಾಷಣ ಕೇಳಿದಾಗಲೂ ಹಲ್ಲು ಕಚ್ಚಿಕೊಂಡೆ. ಭಾಷಣವಾದ ಮೇಲೆ ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ನೀವು ಒಳಗೆ ಚಹಾ ಕುಡಿದು ಮುಗಿಸಿದಿರಿ. ಕೆಲಸದ ಹುಡುಗಿಗೆ ಲೋಟಗಳನ್ನು ಕೊಡುತ್ತ, ನಗುನಗುತ್ತ, ನಮ್ಮೂರಿನ ರಾಗದಲ್ಲೇ ಹೇಳಿದಿರಿ:

"ಇವನ್ನ ನಾವೊಸು ಮಾಡಮ್ಮ."

ಅವಳು ಲೋಟಗಳನ್ನು ತೊಳೆದು ಕಪಾಟಿನಲ್ಲಿಟ್ಟಳು. ನೀವು ತಲೆಯಾಡಿಸಿದಿರಿ. ಒಂದೂ ಒಡೆದಿರಲಿಲ್ಲ, ಹಯಾಮಾ ಅವರೇ.

ಅಮೆರಿಕದವರು ಹೋದರು. ಏಳನೇ ಲೇತನ್ನು ಒಯ್ಯಲು ಯಾವ ದೇಶದವರೂ ಬರಲಿಲ್ಲ. ಬಿಳಿ ಚೀಟಿಯನ್ನು ನಾನೇ ಇಕ್ಕಳದಿಂದ ಕತ್ತರಿಸಿದೆ. ಗೇರಿಗೆ ಹೊಸ ಹಲ್ಲು ಕೂರಿಸಿದ್ದೇನೆ, ಹೊಲಿಗೆ ಯಂತ್ರದ ಭಾಗಗಳನ್ನು ಕಡೆಯುತ್ತಿದೆ. ಅದು ಸರಿಯಾಯಿತು. ಇವಾಕಿಚಿಯ ಹೆಸರು ಇನ್ನೂ ಚಾಪೆಯಡಿ ಬಿದ್ದಿದೆ.

ಅಕ್ಟೋಬರ್ ಹದಿನೆಂಟಕ್ಕೆ ಅವನ ಮೂರನೇ ವರ್ಷದ ತಿಥಿ, ಕಾಲುವೆಯ ಪಕ್ಕದ ದೇವಾಲಯದಲ್ಲಿ. ಅವತ್ತು ಬಾಗಿಲಿಗೆ ಸಗಣಿ ಎಸೆದವರನ್ನೂ ಕರೆದಿದ್ದೇನೆ, ಹದಿನಾಲ್ಕು ಜನರನ್ನೂ ಕರೆದಿದ್ದೇನೆ. ಫೋನಿನ ಮಾತನ್ನು ನಾನು ಸೆಕಿಯ ಮುಂದೆಯೇ ಎದ್ದುನಿಂತು ಹೇಳುತ್ತೇನೆ. ಬಟ್ಟಲಿನ ಮಾತನ್ನು ನೀವು ಹೇಳಬೇಕು. ನಿಮ್ಮ ಆ ಬಟ್ಟಲನ್ನು ಸೆಕಿ ಇನ್ನೂ ತೆಗೆದಿಟ್ಟಿದ್ದಾಳೆ. ಏಕೆ ಎಂದು ನಾನು ಕೇಳಿಲ್ಲ.

ನಮ್ಮೂರಿನ ನಾವೊಸು ನೀನು ಐದು ವರ್ಷ ಮಾಡಿದೆ, ಕುನಿ. ಈಗ ಬಂದು ನಿಮ್ಮೂರಿನದನ್ನು ಮಾಡು.

ಬಂದರೆ ನೂರು ವರ್ಷ ಬಾಳು. ಬಾರದಿದ್ದರೂ ನೂರು ವರ್ಷ ಬಾಳು; ಪ್ರತಿ ಊಟವಾದ ಮೇಲೂ ಬಟ್ಟಲು ಎತ್ತಿಡುವಾಗ ಅವನ ನಗು ನಿನ್ನ ಕಿವಿಗೆ ಕೇಳಲಿ.

ಇಂತಿ,
ನಿನಗೆ ಅನ್ನವಿಟ್ಟ ಮನೆಯ
ತಮೆಜೊ