ಎಡಗಾಲಿನ ಮೀನಖಂಡ

ಪರ್ವರಿ
೧೧ ಆಗಸ್ಟ್ ೨೦೨೪

ಗೀತಾಂಜಲಿಯ ಅಪ್ಪನವರಿಗೆ,

ಭಾಗವ್ವ ಮಾಡುವ ನಮಸ್ಕಾರ. ಫೋನಿನಲ್ಲಿ ನಾನು ಎರಡು ಮಾತು ಮುಗಿಸುವುದರೊಳಗೆ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಾನೂ ಮಗಳೂ ಕ್ಷೇಮ.

ಪರಶು ಅಣ್ಣನ ಕೈಲಿ ನೀವು ಕುಂಕಳ್ಳಿಯಿಂದ ಹೇಳಿ ಕಳಿಸಿದ್ದು ಮುಟ್ಟಿತು: "ಮಾಲೀಶಿನ ಕೆಲಸ ಬಿಟ್ರ ಅಷ್ಟ ಮನಿಗೆ ಬಾ." ಗೋವಾದಲ್ಲಿ ಮಾಲೀಶು ಎಂದರೆ ಜನ ಬೇರೆ ಅರ್ಥ ಹಚ್ಚುತ್ತಾರೆ, ಕಾರ್ಖಾನೆಯಲ್ಲಿ ನಿಮ್ಮ ಜೊತೆಯವರು ನಗುತ್ತಾರೆ, ಗೊತ್ತು. ನಾನು ಎಣ್ಣೆ ಹಚ್ಚುವುದು ಬಾಣಂತಿಯರಿಗೆ, ಕೂಸುಗಳಿಗೆ, ಮುದುಕಿಯರಿಗೆ. ಹೆಗಲು ಹಿಡಿದುಕೊಂಡು ಕೈ ಎತ್ತಲಾಗದೆ ಕೂತಿದ್ದ ಚಂಪಾಬಾಯಿ ಅಜ್ಜಿ ಈಗ ತನ್ನ ತಲೆ ತಾನೇ ಬಾಚಿಕೊಳ್ಳುತ್ತಾಳೆ. ನಿಮಗೆ ಉತ್ತರ ಕೊಡುವ ಮೊದಲು ಹೋದ ತಿಂಗಳು ನಡೆದದ್ದನ್ನು ಹೇಳುತ್ತೇನೆ.

ಇಲ್ಲಿ ಧಾರವಾಡದ ರಘುವೀರ ಎಂಬವರ ಮನೆಯಿದೆ. ಅವರ ಹೆಂಡತಿ ಸುಮೇಧಾ ಹಡೆದು ಹನ್ನೆರಡು ದಿನವಾಗಿತ್ತು. ಅವತ್ತು ನಾನು ಎಣ್ಣೆ ಹಚ್ಚಲು ಹೋದಾಗ ಆಕೆಯ ಎಡಗಾಲಿನ ಮೀನಖಂಡ ಬಾತಿತ್ತು, ಕೆಂಪಗೆ ಬಿಸಿಯಾಗಿತ್ತು. ಬಲಗಾಲಿಗೆ ಏನೂ ಇಲ್ಲ. ನೋಡುತ್ತಲೇ ನಾನು ಎಣ್ಣೆ ಬಟ್ಟಲು ಸರಿಸಿದೆ.

ಅತ್ತೆ ಸೀತಾಬಾಯಿ, "ನರ ಹಿಡದದ. ಜೋರ್ ತಿಕ್ಕು ಭಾಗವ್ವಾ, ಇಳೀತದ" ಎಂದರು.

ಎರಡು ವರ್ಷದ ಹಿಂದೆ ನಿಮ್ಮಿಂದ ಬೈಸಿಕೊಂಡು ಮಾಲೀಶಿನ ತರಬೇತಿಗೆ ಹೋಗಿದ್ದೆನಲ್ಲ, ಅಲ್ಲಿ ಕಲಿಸಿದ್ದರು: ಒಂದೇ ಕಾಲು ಹೀಗೆ ಬಾತರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತುಬಂದು ಶ್ವಾಸಕೋಶಕ್ಕೆ ಹೋದೀತು, ಜೀವವೇ ಹೋದೀತು.

"ಅವ್ವಾರ, ಇದಕ್ಕ ಎಣ್ಣಿ ಅಲ್ರಿ, ದವಾಖಾನಿ ಬೇಕ್ರಿ" ಎಂದೆ.

"ಇನ್ನೊಬ್ಬಾಕಿನ್ನ ಕರಸ್ತೀನಿ. ನೀ ನಡಿ."

"ಕರಸ್ರಿ. ಆದ್ರ ಆಕೀನೂ ಈ ಕಾಲ ಮುಟ್ಟಾಕ ನಾ ಬಿಡಂಗಿಲ್ರಿ."

ಹಾಗೆಂದವಳೇ ಕೋಣೆಯ ಹೊಸ್ತಿಲಲ್ಲಿ ಕೂತುಬಿಟ್ಟೆ. ಅಲ್ಲಿಂದಲೇ ರಘುವೀರ ಅವರಿಗೆ ಫೋನ್ ಮಾಡಿದೆ. ಸೀತಾಬಾಯಿ ಕೂಗಾಡಿದರು, ಅಕ್ಕಪಕ್ಕದವರು ಬಂದು ನೋಡಿದರು. ನಾನು ಏಳಲಿಲ್ಲ. ಅರ್ಧ ಗಂಟೆಯಲ್ಲಿ ರಘುವೀರ ಅವರು ಬಂದರು, ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಆರು ದಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಈಗ ಸುಮೇಧಾ ಕೂಸನ್ನೆತ್ತಿಕೊಂಡು ಮನೆಯಲ್ಲಿ ಓಡಾಡುತ್ತಾಳೆ.

ಮೊನ್ನೆ ಸೀತಾಬಾಯಿ ತಾವೇ ಕರೆದರು, ಕೂಸಿಗೆ ಎಣ್ಣೆ ಹಚ್ಚಲು. ಹಳೆಯ ಮಾತು ಎತ್ತಲಿಲ್ಲ. ಚಹಾ ಕೊಟ್ಟು, "ಕೂಸಿನ ಕಾಲೂ ಒಮ್ಮಿ ನೋಡವಾ" ಎಂದರು.

ಈಗ ಯಾರ ಮನೆಗೆ ಹೋದರೂ ಎಣ್ಣೆ ತೆಗೆಯುವ ಮೊದಲು ಕೇಳುತ್ತೇನೆ: ಜ್ವರ ಇದೆಯೇ, ಕಾಲು ಬಾತಿದೆಯೇ, ರಕ್ತ ತೆಳುವಾಗುವ ಗುಳಿಗೆ ನಡೆದಿದೆಯೇ ಎಂದು. ಡಾಕ್ಟರಿಣಿಯ ಹಾಗೆ ಮಾತಾಡುತ್ತಾಳೆಂದು ಕೆಲವರು ನಗುತ್ತಾರೆ. ನಗಲಿ.

ಈ ಕೆಲಸ ನಾನು ಬಿಡುವುದಿಲ್ಲ. ಕೆಲಸದ ಸಮೇತ ನಾನು ಬೇಕಾದರೆ ನೀವೇ ಬಂದು ಕರೆದುಕೊಂಡು ಹೋಗಿರಿ. ಇಲ್ಲವಾದರೆ ಪರಶು ಅಣ್ಣನನ್ನು ಮತ್ತೆ ಓಡಾಡಿಸಬೇಡಿ.

ನಿಮ್ಮ ಮೇಲೆ ಸಿಟ್ಟಿದ್ದರೂ ನಿಮ್ಮವಳೇ ಆದ,
ಭಾಗವ್ವ

ತಾ.ಕ.: "ನೋಡುತ್ತಲೇ ನಾನು ಎಣ್ಣೆ ಬಟ್ಟಲು ಸರಿಸಿದೆ" ಎಂದು ಮೇಲೆ ಬರೆದದ್ದು ಸುಳ್ಳು. ಕೂಸಿನ ಕಡೆ ಮುಖ ಮಾಡಿ ಮಾತಾಡುತ್ತಾ ಆ ಕಾಲನ್ನು ಮೂರು ಸಲ ತಿಕ್ಕಿದ್ದೆ. ಸುಮೇಧಾ ಚೀರಿದ ಮೇಲೆಯೇ ನಾನು ಕಾಲು ನೋಡಿದ್ದು. ಇದನ್ನು ಡಾಕ್ಟರಿಗೂ ಸೀತಾಬಾಯಿಗೂ ಅವತ್ತೇ ನಾನಾಗಿ ಹೇಳಿದೆ. "ನಾ ಹೇಳಿದ್ನಿಲ್ಲ?" ಎನ್ನುತ್ತೀರೆಂದು ನಿಮ್ಮೊಬ್ಬರಿಗೇ ಹೆದರಿದ್ದೆ. ಈಗ ನಿಮಗೂ ಹೇಳಿದಂತಾಯಿತು. ಆದರೂ ಕೆಲಸ ಬಿಡುವುದಿಲ್ಲ.