‘ಮಾರತೀನಿ’ ಅಂದ ತಪ್ಪಿಗೆ

ಹುಮನಾಬಾದ
೧೧ ಜುಲೈ ೧೯೬೮

ಪ್ರೀತಿಯ ವೈಜನಾಥಣ್ಣಾ,

ಆರೋಗ್ಯ ಹೇಗಿದೆ? ಆಸ್ಪತ್ರೆಯಲ್ಲಿರುವವನಿಗೆ ಇದೆಂಥ ಪ್ರಶ್ನೆ ಎಂದು ನಗಬೇಡ. ನಕ್ಕರೂ ವಾರ್ಡಿನವರ ಎದುರು ನಗಬೇಡ, ಅದನ್ನೂ ಬರೆದುಕೊಂಡಾರು. ಗಂಡ ರೊಟ್ಟಿಯಿಲ್ಲದೆ ಬರೀ ಅನ್ನದಲ್ಲಿ ದಿನ ನೂಕುತ್ತಿದ್ದಾನೆಂದು ಕಾಂತಾಬಾಯಿ ವೈನಿ ಕೊರಗುತ್ತಾರೆ. ಚಿಟಗುಪ್ಪ ಸಂತೆಯಲ್ಲಿ ನಿನ್ನ ಕಂಬಳಿ ಅಂಗಡಿಯ ಜಾಗ ಇನ್ನೂ ಖಾಲಿ. ಪಕ್ಕದ ಮೆಣಸಿನಕಾಯಿ ಮಹೆಬೂಬ, “ಮಾಸ್ತರ, ಅಣ್ಣಾವ್ರು ಯಾವಾಗ ಬರ್ತಾರ್ರಿ? ಅವರ ಕೂಗಿಲ್ದ ಸಂತಿ ಸಪ್ಪಗ ಆಗ್ಯಾದ” ಅಂದ. ಮೆಣಸಿನಕಾಯಿಯವನೇ ಸಪ್ಪಗೆ ಎಂದರೆ ಇನ್ನು ಖಾರಕ್ಕೆ ಯಾರಲ್ಲಿ ಹೋಗಲಿ?

ಕಳೆದ ವಾರ ಬಂದಾಗ ನಿನ್ನನ್ನು ಬೀಗದ ಕೋಣೆಯಲ್ಲಿ ಕಂಡೆ. ತಲೆ ಕೆಟ್ಟ ಮೇಲೆ ನೀನು ಮನೆಯ ಗೋಡೆಗೆ ಕಂಬಳಿಯ ಗುಣ ಹೇಳುತ್ತಿದ್ದೆ ನಿಜ. ಆ ಗೋಡೆಗೂ ಕೈಯೆತ್ತಿದವನಲ್ಲ ನೀನು. ನರ್ಸ್ ಅಸ್ಗರಿ ಬಿ ಒಳ್ಳೆಯ ಹೆಂಗಸು, ಕೇಳಿದೊಡನೆ ಹಾಳೆ ತೋರಿಸಿದಳು. ರೋಗಿ ಯಾರ ಮೇಲಾದರೂ ಏರಿ ಹೋದಾನೇ ಎಂದು ದಿನಾ ಬೆಳಿಗ್ಗೆ ಅಳೆಯುವ ಹಾಳೆ: ಸಿಡುಕಿದನೇ, ಧಮಕಿ ಹಾಕಿದನೇ, ಹಿಂದೆ ಯಾರನ್ನಾದರೂ ಹೊಡೆದಿದ್ದನೇ. ಒಂದು ಗುರುತು ಬಿದ್ದರೂ ಬೀಗ. ನಿನಗೆ ದಿನವೂ ಎರಡು. ಧಮಕಿಯ ಎದುರು ಬರೆದ ಕಾರಣ: ‘ಮಾರತೀನಿ ಅನ್ನುತ್ತಾನೆ.’

ವಾರ್ಡಿನ ಹರಕು ಹೊದಿಕೆ ನೋಡಿ ನೀನು, “ಚಲೋ ಕಂಬಳಿ ಅದಾವ, ಎಲ್ಲಾರಿಗೂ ಮಾರತೀನಿ, ಒಬ್ಬರನ್ನೂ ಬಿಡಂಗಿಲ್ಲ!” ಎಂದು ಸಂತೆಯ ಕೂಗು ಹಾಕುತ್ತೀ. ಕಾಯಿಲೆ ನಿನ್ನ ಬಾಯಿಂದ ಉರ್ದುವನ್ನು ಒಯ್ದು ಕನ್ನಡವನ್ನಷ್ಟೇ ಬಿಟ್ಟಿದೆ. ರಾಜ್ಯದ ಗಡಿಯಾಚೆಯ ಆ ವಾರ್ಡಿಗೆ ಉರ್ದುವಷ್ಟೇ ಗೊತ್ತು. ಅಲ್ಲಿ ‘ಮಾರ್’ ಎಂದರೆ ಹೊಡೆತ. ನೀನು ಮಾರಲು ಹೋದರೆ ಅವರು ಮಾರು ದೂರ ನಿಲ್ಲುತ್ತಾರೆ! ಕಾಲೇಜಿನಲ್ಲಿ ಶ್ಲೇಷೆಯ ಪಾಠ ಮಾಡುವ ನನಗೆ ಇಂಥ ಉದಾಹರಣೆ ಸಿಗದಿದ್ದರೇ ಚೆನ್ನಾಗಿತ್ತು.

ಅರ್ಥ ಹೇಳಿದೆ. ಅಸ್ಗರಿ ಬಿ “ಯಾ ಅಲ್ಲಾ!” ಎಂದು ಆ ಗುರುತನ್ನು ಅಲ್ಲೇ ಹೊಡೆದು ಹಾಕಿದಳು. ಆದರೆ ‘ಹಿಂದೆ ಹೊಡೆದಿದ್ದ’ ಎಂಬ ಇನ್ನೊಂದು ಉಳಿದಿದೆ. ಅದು ನಿನ್ನನ್ನು ಸೇರಿಸಿದ ದಿನದ್ದು, ದೊಡ್ಡ ಡಾಕ್ಟರರೇ ಅಳಿಸಬೇಕು. ಸೋಮವಾರ ಬಂದು ಕಾಲು ಹಿಡಿಯುತ್ತೇನೆ. ಅಲ್ಲಿಯವರೆಗೆ, ಅಣ್ಣಾ, ಏನನ್ನೂ ಮಾರಬೇಡ.

ಅವ್ವನ ಹರಕೆ, ವೈನಿಯ ಕಣ್ಣೀರು, ನನ್ನ ನಮಸ್ಕಾರ.

ನಿನ್ನ ತಮ್ಮ,
ತುಳಜಾರಾಮ

ತಾ.ಕ.: ಟಪಾಲು ಕಟ್ಟುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಆ ಇನ್ನೊಂದು ಗುರುತು ನನ್ನದು. ಅಂದು ಗುಮಾಸ್ತ “ಯೇ ಮಾರತಾ ಕ್ಯಾ?”, ಇವನು ಹೊಡೆಯುತ್ತಾನೆಯೇ, ಎಂದು ಕೇಳಿದಾಗ ನಾನು ಜಾಣನಂತೆ ಶ್ಲೇಷೆ ಮಾಡಿ, “ಮಾರತಾ ಸಾಬ್, ಇಪ್ಪತ್ತು ವರ್ಷದಿಂದ, ಪ್ರತಿ ಸಂತೆಯಲ್ಲೂ!” ಎಂಬುದನ್ನು ಅವನದೇ ಉರ್ದುವಿನಲ್ಲಿ ಹೇಳಿದೆ. ಅವನು ಬರೆದ, ನಾನು ಓದದೆ ಸಹಿ ಹಾಕಿದೆ. ಆ ಕೋಣೆಯಲ್ಲಿ ಶ್ಲೇಷೆ ತಿಳಿದು ನಕ್ಕವನು ನೀನೊಬ್ಬನೇ. ಅದನ್ನೂ ಬರೆದುಕೊಂಡಿದ್ದಾನೆ.